ಮಾತಿಲ್ಲದ ನಾಲ್ಕು ನಿಮಿಷ

ಬೆಳಿಗ್ಗೆ ಹತ್ತು ಗಂಟೆಗೆ ಬಂದ ಒಂದು ಮರದ ಪೆಟ್ಟಿಗೆಯಿಂದ ಎಲ್ಲ ಶುರುವಾಯಿತು.

ಕಣ್ಣು ಕಾಣದವರ ಗ್ರಂಥಾಲಯದ ಲೈಬ್ರರಿಯನ್ ಸಾಹೇಬರು ಮೊಳೆ ಕಿತ್ತು ಅದರ ಮುಚ್ಚಳ ಎತ್ತಿದರು. ಒಳಗೆ ದಿಂಬುಗಳ ಹಾಗೆ ಉಬ್ಬಿಕೊಂಡಿದ್ದ ಐದು ದಪ್ಪ ಪುಸ್ತಕಗಳು ಒಂದರ ಮೇಲೊಂದು ಮಲಗಿದ್ದವು. ಸಾಹೇಬರು ಕೈ ಒರೆಸಿಕೊಳ್ಳುತ್ತ, "ಬನ್ನಿ ಓದಮ್ಮ, ನಿಮಗೊಂದು ಒಳ್ಳೇ ಸುದ್ದಿ ಇದೆ" ಎಂದರು.

ಓದಮ್ಮನ ಎದೆ ಅಲ್ಲಿಂದಲೇ ಡವಗುಟ್ಟತೊಡಗಿತು. ಕೆಟ್ಟ ಸುದ್ದಿಗೆ ಅವಳು ಅಷ್ಟಾಗಿ ಹೆದರುತ್ತಿರಲಿಲ್ಲ. ಕೆಟ್ಟದ್ದನ್ನೆಲ್ಲ ಅವಳು ಮೊದಲೇ ಕೂತು ಯೋಚಿಸಿ ಮುಗಿಸಿರುತ್ತಿದ್ದಳು. ಒಳ್ಳೆಯ ಸುದ್ದಿ ಮಾತ್ರ ಹೇಳದೆ ಕೇಳದೆ ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಡುತ್ತಿತ್ತು.

ಓದಮ್ಮ ಅನ್ನುವುದು ಅವಳ ಹೆಸರಲ್ಲ. ಆ ಗ್ರಂಥಾಲಯಕ್ಕೆ ಬರುವವರಿಗೆ ಬೇಕಾದ್ದನ್ನೆಲ್ಲ ಓದಿ ಹೇಳುವುದು ಅವಳ ಕೆಲಸ. ಮನೆಯಿಂದ ಬಂದ ಕಾಗದ, ಮಾತ್ರೆಯ ಪಟ್ಟಿ, ಕಚೇರಿಯ ನೋಟೀಸು, ಲಗ್ನಪತ್ರಿಕೆ, ಎಲ್ಲವೂ ಅವಳ ಕಣ್ಣಿನಿಂದಲೇ ಹಾದುಹೋಗಬೇಕು. "ಇದನ್ನ ಸ್ವಲ್ಪ ಓದಮ್ಮ" ಎಂದು ಹನ್ನೊಂದು ವರ್ಷ ಕೇಳಿಸಿಕೊಂಡು ಕೊನೆಗೆ ಅದೇ ಅವಳ ಹೆಸರಾಗಿ ಕೂತಿತ್ತು. ಲಿಫ್ಟು, ಕುಕ್ಕರಿನ ಸೀಟಿ, ಗಂಡನ ಅಕ್ಕನ ಕೆಮ್ಮು, ಬಾಗಿಲು ಬಡಿಯುವ ಯಾರೇ ಆಗಲಿ, ಎಲ್ಲಕ್ಕೂ ಹೆದರುವ ಹೆಂಗಸಿಗೆ ಈ ಕೆಲಸ ಒಂದು ಗೂಡಿನ ಹಾಗಿತ್ತು. ಇಲ್ಲಿ ಮಾತ್ರ ಜನ ಅವಳ ತೋಳು ಹಿಡಿದು ನಡೆಯುತ್ತಿದ್ದರು.

"ನಮ್ಮ ಕೊಳದ ಸಿನಿಮಾ ಇದೆಯಲ್ಲ, ಅದರ ಕಾದಂಬರಿ ಇದು" ಎಂದರು ಸಾಹೇಬರು. "ಮೂಲ ಕಾದಂಬರಿ. ಬ್ರೈಲಿನಲ್ಲಿ, ಐದು ಸಂಪುಟ. ಎರಡು ವರ್ಷದಿಂದ ಕಾಗದ ಬರೆದು ಬರೆದು ತರಿಸಿದ್ದೀನಿ. ಹೇಗಿದೆ?"

"ಚೆನ್ನಾಗಿದೆ ಸಾರ್" ಎಂದಳು ಓದಮ್ಮ. ಗೋಡೆ ಹಿಡಿದುಕೊಂಡಳು.

"ಇವತ್ತು ಮೂರು ಗಂಟೆಗೆ ಹೇಗೂ ಆ ಸಿನಿಮಾ ಹಾಕ್ತಿದ್ದೀವಿ. ಮುಗಿದ ತಕ್ಷಣ ಈ ಪೆಟ್ಟಿಗೆ ಹೆಡ್ ಮೇಡಂ ಮುಂದೆ ಇಡೋದು. ಕಾದಂಬರಿಯ ಕೊನೇ ಪುಟಾನ ಅವರು ಬೆರಳಾಡಿಸಿ ಎಲ್ಲರಿಗೂ ಓದಿ ಹೇಳ್ತಾರೆ. ಸಿನಿಮಾದ ಕೊನೆ, ಪುಸ್ತಕದ ಕೊನೆ, ಎರಡೂ ಒಟ್ಟಿಗೆ. ನೀವು ಯಾಕೆ ಹೀಗೆ ಬೆವರ್ತಾ ಇದ್ದೀರಿ?"

ಅವಳು ಬೆವರುತ್ತಿದ್ದ ಕಾರಣ ನಾಲ್ಕು ವರ್ಷ ಹಳೆಯದು.

ಆ ಗ್ರಂಥಾಲಯದ ಹಿಂಭಾಗದಲ್ಲಿ ಒಂದು ಪುಟ್ಟ ಹಾಲ್ ಇತ್ತು. ಅದರಲ್ಲೊಂದು ಪರದೆ. ಮೂವತ್ತು ಜನ ಕೂರುವ ಆ ಹಾಲಿನಲ್ಲಿ ಪರದೆ ಇದ್ದದ್ದು ಓದಮ್ಮನೊಬ್ಬಳಿಗೆ. ಪಾತ್ರಗಳ ಮಾತು ಎಲ್ಲರಿಗೂ ಕೇಳುತ್ತಿತ್ತು. ಮಾತು ನಿಂತಾಗ, ಯಾರು ಎದ್ದರು, ಯಾರು ತಿರುಗಿ ನೋಡಿದರು, ಯಾರ ಕಣ್ಣು ತುಂಬಿತು ಎಂದು ಮುಂದಿನ ಸಾಲಿನಲ್ಲಿ ಕೂತು ಓದಮ್ಮ ಹೇಳುತ್ತಿದ್ದಳು. ಸಾಹೇಬರು ಯಂತ್ರ ಹಾಕಿ ಹೊರಟುಬಿಡುತ್ತಿದ್ದರು. "ಅಳು ಸಿನಿಮಾ ನನ್ನ ಕೈಲಾಗಲ್ಲ" ಅನ್ನುವುದು ಅವರ ಮಾತು. ಕಾದಂಬರಿಯನ್ನೂ ಅವರು ಓದಿರಲಿಲ್ಲ. ಮೂವತ್ತು ವರ್ಷದ ಕೆಲಸದಲ್ಲಿ ಪುಸ್ತಕಗಳ ಬೆನ್ನು ಬಿಟ್ಟು ಬೇರೇನನ್ನೂ ಓದಿದವರಲ್ಲ.

ಕೊಳದ ಸಿನಿಮಾ ಹಳೆಯದು, ಕಪ್ಪು ಬಿಳುಪು. ಅಂಚೆ ಮಾಸ್ತರರ ಮಗಳು, ರಸ್ತೆ ಅಳೆಯಲು ಬಂದ ಸರ್ವೇಯರು. ಬರುತ್ತೇನೆ ಎಂದು ಹೋದವನು ಬರೆದ ಕಾಗದಗಳನ್ನೆಲ್ಲ ಅವಳ ಚಿಕ್ಕಮ್ಮ ಬಚ್ಚಿಡುತ್ತಾಳೆ. ಕೊನೆಯ ನಾಲ್ಕು ನಿಮಿಷ ಯಾರೂ ಮಾತಾಡುವುದಿಲ್ಲ. ಪಿಟೀಲು ಮಾತ್ರ. ಹುಡುಗಿ ಕೊಳದ ಮೆಟ್ಟಿಲು ಇಳಿಯುತ್ತಾಳೆ. ಪಾದ, ಮಂಡಿ, ಸೊಂಟ. ಒಮ್ಮೆ ನೀರು ಗುಳುಂ ಅನ್ನುತ್ತದೆ. ಆಚೆ ದಡಕ್ಕೆ ಬಂದವನ ಕೈಯಿಂದ ಪೆಟ್ಟಿಗೆ ದೊಪ್ಪನೆ ಬೀಳುತ್ತದೆ. ಅಷ್ಟೇ.

ಮೊದಲ ಸಲ ಅದನ್ನು ಹೇಳುವಾಗ ಓದಮ್ಮನ ಎಡಗೈಯನ್ನು ಪಕ್ಕದಲ್ಲಿದ್ದ ಬೆತ್ತದಕ್ಕ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಬೆತ್ತದಕ್ಕ ಅಂದರೆ ಕುರ್ಚಿಗಳಿಗೆ ಬೆತ್ತ ಹೆಣೆಯುವವಳು, ಬೆರಳುಗಳೆಲ್ಲ ಒರಟು. ಹುಡುಗಿಯ ಪಾದ ನೀರಿಗೆ ತಾಗಿತು ಎಂದಳು ಓದಮ್ಮ. ಮುಳುಗಿದಳು ಅನ್ನುವ ಐದಕ್ಷರ ಮಾತ್ರ ಬಾಯಿಗೆ ಬರಲಿಲ್ಲ. "ನೀರು ತಣ್ಣಗಿದೆ. ಅವಳು ನಿಂತಳು. ತಿರುಗಿದಳು. ಮೆಟ್ಟಿಲ ಮೇಲೆ ಕೂತಳು" ಎಂದು ಅವಳ ನಾಲಿಗೆ ತನ್ನಷ್ಟಕ್ಕೆ ತಾನೇ ಹೇಳಿಬಿಟ್ಟಿತು. ಗುಳುಂ ಎಂದಾಗ, "ಒಂದು ಮೀನು ಹಾರಿತು" ಎಂದಳು. ಪೆಟ್ಟಿಗೆ ದೊಪ್ಪೆಂದಾಗ, "ಅವನು ಬಂದ, ಪೆಟ್ಟಿಗೆ ಕೆಳಗಿಟ್ಟ, ಪಕ್ಕದಲ್ಲಿ ಕೂತ" ಎಂದಳು.

ಹಾಲಿಗೆ ಹಾಲೇ ಉಸಿರುಬಿಟ್ಟಿತು. ಮರುವರ್ಷ ಅದೇ ಸಿನಿಮಾ ಬೇಕೆಂದು ಕೇಳಿದರು. ಅದರ ಮರುವರ್ಷವೂ.

ಹುಟ್ಟಿದಾಗಿನಿಂದ ಯಾರ ಮಾತಿಗೂ ಎದುರಾಡದ ಹೆಂಗಸು ಒಬ್ಬಳನ್ನು ನೀರಿನಿಂದ ವಾಪಸು ಕರೆಸಿದ್ದಳು. ಆ ದಿನ ಮನೆಗೆ ಹೋಗುವಾಗ ಬಸ್ಸಿನಲ್ಲಿ ಅವಳಿಗೆ ನಗು ಬಂದಿತ್ತು. ಭಯ ಬಂದದ್ದು ಮರುದಿನ. ಒಂದು ಕಡೆ ಸುಳ್ಳು ಹೇಳಿದವಳ ಮಾತನ್ನು ಇನ್ನೊಂದು ಕಡೆ ಯಾರು ನಂಬುತ್ತಾರೆ? ಇವಳು ಓದಿದ ಪಟ್ಟಿಯ ಮಾತ್ರೆ ಯಾರು ನುಂಗುತ್ತಾರೆ, ಇವಳು ಓದಿದ ಕಾಗದಕ್ಕೆ ಯಾರು ಉತ್ತರ ಬರೆಸುತ್ತಾರೆ? ನಂಬಿಕೆ ಹೋದ ಮೇಲೆ ಅವಳಿಗೆ ಇಲ್ಲಿ ಏನು ಕೆಲಸ, ಯಾವ ಹೆಸರು? ನಾಲ್ಕು ವರ್ಷದಿಂದ ಅವಳು ಮಿಕ್ಕಿದ್ದೆಲ್ಲವನ್ನೂ ಒಂದಕ್ಷರ ಆಚೀಚೆ ಮಾಡದೆ, ಪೂರ್ಣವಿರಾಮ ಸಹಿತ ಓದುತ್ತಿದ್ದಳು.

"ಸಾರ್, ಇವತ್ತು ಬೇರೆ ಸಿನಿಮಾ ಹಾಕೋಣವಾ? ಆ ಕಾಮಿಡಿ ಒಂದಿತ್ತಲ್ಲ" ಎಂದಳು ಈಗ.

"ಎಲ್ಲರಿಗೂ ಹೇಳಿಯಾಗಿದೆ."

"ಯಂತ್ರ ಸ್ವಲ್ಪ ಗರಗರ ಅಂತಿತ್ತು ಮೊನ್ನೆ."

"ನಿನ್ನೆ ರಿಪೇರಿ ಮಾಡಿಸಿದೆ. ಬೆಣ್ಣೆ ಹಾಗೆ ಓಡ್ತಿದೆ. ನೀವು ಹೋಗಿ ಒಂದು ಲೋಟ ನೀರು ಕುಡೀರಿ."

ಸಾಹೇಬರು ಫೋನು ಬಂತೆಂದು ಒಳಗೆ ಹೋದರು. ಓದಮ್ಮ ಪೆಟ್ಟಿಗೆಯ ಮುಂದೆ ನಿಂತಳು. ಕೊನೆಯ ಸಂಪುಟ ಒಂದು ಇಲ್ಲದಿದ್ದರೆ ಸಾಕು. ಆದರೆ ಯಾವುದು ಕೊನೆಯದು? ಹೊದಿಕೆಯ ಮೇಲೆ ಶಾಯಿಯ ಒಂದು ಗುರುತಿಲ್ಲ. ಚುಕ್ಕಿಗಳು ಮಾತ್ರ, ಬಿಳಿಯ ಮೇಲೆ ಬಿಳಿ. ಹನ್ನೊಂದು ವರ್ಷದಿಂದ ಬ್ರೈಲಿನ ನಡುವೆ ಬದುಕಿದ್ದರೂ ಅವಳಿಗೆ ಬ್ರೈಲ್ ಬರುತ್ತಿರಲಿಲ್ಲ. ಹೆಡ್ ಮೇಡಂ ಕಲಿಸಲು ನೋಡಿ ನಾಲ್ಕನೇ ಅಕ್ಷರಕ್ಕೆ ಕೈಬಿಟ್ಟಿದ್ದರು. ಮೇಲಿನದೇ ಮೊದಲನೆಯದಾದರೆ ಕೆಳಗಿನದು ಕೊನೆಯದು ಇರಬೇಕು. ಅವಳು ಅಡಿಯ ಸಂಪುಟವನ್ನು ಎಳೆದು, ಕಿಟಕಿಯ ಹಳೇ ಪರದೆಯಲ್ಲಿ ಸುತ್ತಿ, ಮಗುವಿನ ಹಾಗೆ ಎತ್ತಿಕೊಂಡು ಮೊಗಸಾಲೆಗೆ ಬಂದಳು.

"ಏನೋ ಭಾರ ಹೊತ್ತಿದ್ದೀಯ, ಓದಮ್ಮ" ಎಂಬ ದನಿ ಕೇಳಿತು.

ಕಂಬದ ಪಕ್ಕದ ಬೆಂಚಿನ ಮೇಲೆ ಟೆಲಿಫೋನ್ ಮಾವ ಕೂತಿದ್ದರು. ಮೂವತ್ತೈದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. ಹುಟ್ಟಿನಿಂದ ಕಣ್ಣಿಲ್ಲ. ಕಿವಿ ಮಾತ್ರ ನಾಲ್ಕು ಜನಕ್ಕಾಗುವಷ್ಟು ಇತ್ತು.

"ಎಡಗಾಲು ಜೋರಾಗಿ ಬೀಳ್ತಿದೆ. ಉಸಿರೂ ಸರಿಯಿಲ್ಲ. ಕದ್ದ ಮಾಲಾ?"

ವಿಪರೀತ ಹೆದರಿದವರಿಗೆ ಒಮ್ಮೊಮ್ಮೆ ಎಲ್ಲಿಲ್ಲದ ಬುದ್ಧಿ ಬರುತ್ತದೆ. "ಹೊಸ ಪುಸ್ತಕ ಮಾವ. ರಿಜಿಸ್ಟರಿಗೆ ಬರೀಬೇಕು. ಎಷ್ಟನೇ ಸಂಪುಟ ಅಂತ ಸ್ವಲ್ಪ ನೋಡಿ ಹೇಳ್ತೀರಾ?"

ಮಾವ ಪರದೆ ಸರಿಸಿ ಹೊದಿಕೆಯ ಮೇಲೆ ಬೆರಳಾಡಿಸಿದರು. ಎರಡು ಸಲ ಆಡಿಸಿದರು.

"ಐದು" ಎಂದರು.

ಅವಳಿಗೆ ಕುಣಿಯುವಂತಾಯಿತು. ಬಚ್ಚಿಡುವುದೆಲ್ಲಿ? ಕಪಾಟುಗಳೆಲ್ಲ ಸಾಹೇಬರ ಬೀಗದವು. ಹಾಲಿನ ಹೊರಗೆ ಅವಳ ಬೆತ್ತದ ಕುರ್ಚಿ ಇತ್ತು. ಅದರ ಮೇಲೆ ಸಂಪುಟವನ್ನಿಟ್ಟಳು, ಮೇಲೆ ಪರದೆ ಹಾಸಿದಳು, ಅದರ ಮೇಲೆ ತಾನು ಕೂತಳು. ಕೂತ ಮೇಲೆ ಇನ್ನೊಂದು ಲಾಭ ಹೊಳೆಯಿತು. ಬ್ರೈಲ್ ಪುಸ್ತಕದ ಮೇಲೆ ಭಾರ ಇಡಬಾರದು, ಚುಕ್ಕಿಗಳು ಸತ್ತುಹೋಗುತ್ತವೆ ಎಂದು ಅಲ್ಲಿಗೆ ಬರುವ ಪ್ರತಿಯೊಬ್ಬರಿಗೂ ಅವಳೇ ಹೇಳುತ್ತಿದ್ದಳು. ಈಗ ಅವಳು ಆಚೀಚೆ ನೋಡಿ, ಅತ್ತಿಂದಿತ್ತ ಸ್ವಲ್ಪ ಒತ್ತಿ ಕೂತಳು.

ಹನ್ನೆರಡಕ್ಕೆ ಬೆತ್ತದಕ್ಕ ಚೀಲ ಹಿಡಿದು ಬಂದಳು. "ಏಳಿ ಅಕ್ಕ. ನಿಮ್ಮ ಕುರ್ಚಿ ಸೀಟು ಜೋತುಬಿದ್ದಿದೆ ಅಂದಿದ್ರಲ್ಲ, ಸಿನಿಮಾ ಶುರುವಾಗೋದ್ರೊಳಗೆ ಹೆಣೆದುಬಿಡ್ತೀನಿ."

"ಇವತ್ತು ಬೇಡ ಕಣೇ."

"ಒಂದು ಗಂಟೆ ಕೆಲಸ."

"ಸೀಟು ಚೆನ್ನಾಗಿದೆ. ತಾನೇ ಸರಿಹೋಯ್ತು."

"ಬೆತ್ತ ತಾನೇ ಸರಿಹೋಗಲ್ಲ ಅಕ್ಕ. ಅದೇನು ಗಾಯವಾ?" ಎನ್ನುತ್ತ ಬೆತ್ತದಕ್ಕ ಕುರ್ಚಿಯ ಕೆಳಗೆ ಕೈಹಾಕಿದಳು. ಓದಮ್ಮ ಎರಡು ಕೈಯಲ್ಲೂ ಸೀಟು ಹಿಡಿದು ಕಿರುಚಿದಂತೆ ಹೇಳಿದಳು: "ನನ್ನ ಬೆನ್ನು ಹಿಡಿದುಬಿಟ್ಟಿದೆ. ಅಲ್ಲಾಡೋ ಹಾಗಿಲ್ಲ."

ಮಾತು ಹೊರಬಿದ್ದದ್ದೇ ತಡ, ಬೆನ್ನು ಹಿಡಿದ ಸುದ್ದಿ ಇಡೀ ಗ್ರಂಥಾಲಯ ಸುತ್ತಿತು. ಒಬ್ಬರು ಬಿಸಿನೀರಿನ ಚೀಲ ತಂದರು. ಇನ್ನೊಬ್ಬರು ಮುಲಾಮು ತಂದು, ಎಲ್ಲಿ ಹಚ್ಚಲಿ ಎಂದು ಅವಳ ಕಿವಿಗೇ ಹಚ್ಚಿದರು. ಊಟಕ್ಕೆ ಏಳುವಂತಿಲ್ಲ, ಬಚ್ಚಲಿಗೆ ಹೋಗುವಂತಿಲ್ಲ. ಕೊಟ್ಟ ಟೀಯನ್ನೆಲ್ಲ ಕುಡಿದು ಇನ್ನಷ್ಟು ಪೇಚಿಗೆ ಬಿದ್ದಳು. ಬೆತ್ತದಕ್ಕ ಮಾತ್ರ ಪಕ್ಕದಲ್ಲೇ ಕೂತು, "ಇದೆಲ್ಲಾ ಸೀಟಿಂದಾನೇ ಅಕ್ಕ, ನಾನು ಹೇಳಲಿಲ್ವಾ" ಎನ್ನುತ್ತಿದ್ದಳು.

ಮೂರಕ್ಕೆ ಹತ್ತು ನಿಮಿಷ ಇರುವಾಗ ಸಾಹೇಬರು ಬಂದರು. "ಬೆನ್ನಂತೆ? ನೀವಿಲ್ಲದೆ ಸಿನಿಮಾ ಹೇಗೆ? ಏಳೋದು ಬೇಡ, ಕೂತಿರಿ."

ಹೀಗೆ ಸಾಹೇಬರು, ಟೆಲಿಫೋನ್ ಮಾವ, ಬೆತ್ತದಕ್ಕ, ಜೊತೆಗೆ ಇನ್ನೊಬ್ಬರು ಸೇರಿ ಓದಮ್ಮನನ್ನು ಕುರ್ಚಿ ಸಮೇತ ಎತ್ತಿ ಹಾಲಿನೊಳಗೆ ಹೊತ್ತರು. ನಾಲ್ವರಲ್ಲಿ ಮೂವರಿಗೆ ದಾರಿ ಕಾಣುತ್ತಿರಲಿಲ್ಲ. ಕುರ್ಚಿ ದೋಣಿಯ ಹಾಗೆ ಓಲಾಡಿತು, ಬಾಗಿಲ ಚೌಕಟ್ಟಿಗೆ ಎರಡು ಸಲ ಬಡಿಯಿತು. ಓದಮ್ಮ ಕಣ್ಣು ಮುಚ್ಚಿ, ಸಂಪುಟ ಜಾರದ ಹಾಗೆ ಬಿಗಿಯಾಗಿ ಕೂತಿದ್ದಳು. ದಾರಿಯುದ್ದಕ್ಕೂ ಟೆಲಿಫೋನ್ ಮಾವ, "ಓದಮ್ಮ ಈ ವರ್ಷ ಚೆನ್ನಾಗಿ ತೂಕ ಬಂದಿದ್ದಾಳೆ" ಎನ್ನುತ್ತ ಬಂದರು.

ದೀಪ ಆರಿತು. ಸಾಹೇಬರು ಯಂತ್ರ ಹಾಕಿ ಹೊರಟರು.

ಅವಳು ಹೇಳುತ್ತ ಹೋದಳು. ಅಂಚೆ ಕಚೇರಿಯ ಕಿಟಕಿ, ಸರ್ವೇಯರನ ಧೂಳು ಹಿಡಿದ ಬೂಟು, ಚಿಕ್ಕಮ್ಮ ಕಾಗದ ಬಚ್ಚಿಡುವ ಹಿಟ್ಟಿನ ಡಬ್ಬಿ. ಎಂದೂ ಇಲ್ಲದೆ ಇವತ್ತು ಅವಳಿಗೆ ಆ ಚಿಕ್ಕಮ್ಮನ ಮೇಲೆ ಕೋಪ ಬರಲಿಲ್ಲ. ಬಚ್ಚಿಟ್ಟವರ ಪಾಡು ಏನೆಂದು ಅವಳಿಗೆ ಗೊತ್ತಾಗಿತ್ತು. ಪಿಟೀಲು ಶುರುವಾಯಿತು. ನಿಜ ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಪರದೆಯ ಮೇಲೆ ಹುಡುಗಿ ಮೆಟ್ಟಿಲಿಳಿಯುತ್ತಿದ್ದಳು, ಆ ಹುಡುಗಿಗೆ ಇವಳನ್ನು ಬಿಟ್ಟು ಯಾರಿದ್ದರು?

"ನೀರು ತಣ್ಣಗಿದೆ" ಎಂದಳು ಓದಮ್ಮ. "ಅವಳು ನಿಂತಳು. ತಿರುಗಿದಳು."

ಗುಳುಂ.

"ಮೀನು" ಎಂದಳು.

ದೀಪ ಹತ್ತಿತು. ಜನ ಕಣ್ಣೊರೆಸಿಕೊಂಡರು. ಸಾಹೇಬರು ಪೆಟ್ಟಿಗೆಯನ್ನು ತಳ್ಳಿಕೊಂಡು ಬಂದು, ಎರಡು ವರ್ಷದ ಪತ್ರವ್ಯವಹಾರದ ಕತೆಯನ್ನೆಲ್ಲ ಹೇಳಿ, ಮುಚ್ಚಳ ತೆಗೆದರು. ಅವರ ಹುಬ್ಬು ಮೇಲೆ ಹೋಯಿತು.

"ನಾಲ್ಕೇ ಇದೆ. ಬೆಳಿಗ್ಗೆ ಐದಿತ್ತಲ್ಲ?"

ಓದಮ್ಮನಿಗೆ ತನ್ನ ಕೆಳಗಿನ ಪುಸ್ತಕ ಬಿಸಿಯಾದ ಹಾಗೆ ಅನ್ನಿಸಿತು.

ಹೆಡ್ ಮೇಡಂ ಎದ್ದು ಬಂದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಹತ್ತು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ನಲವತ್ತೈದನೇ ವಯಸ್ಸಿಗೆ ಕಣ್ಣು ಹೋಯಿತು, ಗತ್ತು ಹೋಗಲಿಲ್ಲ. ಬಗ್ಗಿ, ನಾಲ್ಕು ಹೊದಿಕೆಗಳನ್ನೂ ಒಂದೊಂದಾಗಿ ಸವರಿದರು.

"ನನಗೆ ಬೇಕಾದ್ದು ಇಲ್ಲಿದೆ. ಇದೇ ಐದನೇದು" ಎಂದು ಒಂದನ್ನು ಎತ್ತಿಕೊಂಡರು.

ಓದಮ್ಮ ಪರದೆಯ ಕೆಳಗೆ ಕೈ ಹಾಕಿ ಪುಸ್ತಕ ಮುಟ್ಟಿ ನೋಡಿದಳು. ಹಾಗಾದರೆ ಬೆಳಗಿನಿಂದ ತಾನು ಕೂತದ್ದು ಯಾವುದರ ಮೇಲೆ? ಮಾವ ಐದು ಅಂದಿದ್ದರಲ್ಲ? ಅವಳು ತಿರುಗಿ ನೋಡಿದಳು. ಟೆಲಿಫೋನ್ ಮಾವ ಚಾವಣಿಯ ಕಡೆ ಮುಖ ಮಾಡಿ ನೆಮ್ಮದಿಯಾಗಿ ಕೂತಿದ್ದರು.

ಹೆಡ್ ಮೇಡಂ ಕೊನೆಯ ಪುಟ ತೆಗೆದರು. ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ಒಂದು ಕಡೆ ನಿಂತಿತು. ಮತ್ತೆ ಹಿಂದಕ್ಕೆ ಹೋಗಿ ಬಂತು. ಓದಮ್ಮ ಮನಸ್ಸಿನಲ್ಲೇ ರಾಜೀನಾಮೆ ಪತ್ರ ಬರೆದು, ಅದರಲ್ಲಿ ಎರಡು ತಪ್ಪು ತಿದ್ದಿದಳು.

ಮೇಡಂ ಗಂಟಲು ಸರಿಮಾಡಿಕೊಂಡು ಓದಿದರು: "ಪಾದ ನೀರಿಗೆ ತಾಗಿತು. ನೀರು ತಣ್ಣಗಿತ್ತು. ಅವಳು ನಿಂತಳು. ತಿರುಗಿದಳು. ಮೆಟ್ಟಿಲ ಮೇಲೆ ಕೂತಳು. ಆಗ ಕೊಳದಲ್ಲಿ ಒಂದು ಮೀನು ಹಾರಿತು."

ಸಾಹೇಬರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. "ನೋಡಿ, ಸಿನಿಮಾದವರು ಒಂದು ಮೀನನ್ನೂ ಬಿಟ್ಟಿಲ್ಲ" ಎಂದರು.

ಜನ ಹೋದರು. ಸಾಹೇಬರು ಬೀಗದ ಕೈ ತರಲು ಹೋದರು. ಹಾಲಿನಲ್ಲಿ ಉಳಿದವರು ಹೆಡ್ ಮೇಡಂ, ಟೆಲಿಫೋನ್ ಮಾವ, ಬೆತ್ತದಕ್ಕ, ಕುರ್ಚಿಯ ಮೇಲೆ ಓದಮ್ಮ. ಅವಳು ಎದ್ದು ನಿಂತಳು. ಕಾಲು ಜೋಮು ಹಿಡಿದಿತ್ತು.

"ಮೇಡಂ, ಪುಸ್ತಕದಲ್ಲಿ ಹಾಗಿಲ್ಲ."

"ಇಲ್ಲ" ಎಂದರು ಮೇಡಂ. "ಕಾಲೇಜಿನಲ್ಲಿದ್ದಾಗ ಆ ಸಿನಿಮಾನ ಮೂರು ಸಲ ನೋಡಿದ್ದೀನಿ, ಇದೇ ಕಣ್ಣಲ್ಲಿ. ಮೂರು ಸಲಾನೂ ಮುಳುಗಿದಳು. ನಾಲ್ಕನೇ ಸಲ ನಿನ್ನ ಬಾಯಲ್ಲಿ ವಾಪಸ್ ಬಂದಳು. ಅವತ್ತೇ ಇವರಿಗೆಲ್ಲಾ ಹೇಳಿದೆ."

"ಮೊದಲನೇ ವರ್ಷದಿಂದ ಗೊತ್ತಿತ್ತಾ?"

"ಅಷ್ಟು ಸದ್ದು ಮಾಡೋ ಮೀನು ಅರವತ್ತು ಕೇಜಿ ಆದ್ರೂ ಇರಬೇಕು ಕಣಮ್ಮ" ಎಂದರು ಟೆಲಿಫೋನ್ ಮಾವ. "ನೀನು ಮೀನು ಅಂದೆ, ನಾನು ಐದು ಅಂದೆ. ಲೆಕ್ಕ ಸರಿಹೋಯ್ತು."

ಅಷ್ಟರಲ್ಲಿ ಬೆತ್ತದಕ್ಕ ಕುರ್ಚಿಗೆ ಕೈಹಾಕಿ ಪುಸ್ತಕ ಎಳೆದು, ಪುಟಗಳನ್ನು ಸವರಿ ನೋಡಿ ಲೊಚಗುಟ್ಟಿದಳು. "ಎರಡನೇ ಸಂಪುಟ ಅಕ್ಕ ಇದು. ನಡುವಿನ ಪುಟಗಳು ಪೂರ್ತಿ ನುಣ್ಣಗಾಗಿದೆ. ಅವರಿಬ್ಬರೂ ಮೊದಲನೇ ಸಲ ಭೇಟಿಯಾಗೋದೇ ಹೋಯ್ತು."

ಓದಮ್ಮನಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ನಾಲ್ಕು ವರ್ಷ ಹೊತ್ತ ಕಲ್ಲನ್ನು ಯಾರೋ ತಲೆಯಿಂದ ಇಳಿಸಿದ ಹಾಗಾಯಿತು. "ಮತ್ತೆ ಯಾಕೆ ಯಾರೂ ಹೇಳಲಿಲ್ಲ?"

"ಚೆನ್ನಾಗಿತ್ತು" ಎಂದರು ಮೇಡಂ. "ಮುಳುಗೋರನ್ನ ಬೇಕಾದಷ್ಟು ನೋಡಿದ್ದೀವಿ. ಮುಂದಿನ ವರ್ಷಾನೂ ಹಾಗೇ ಹೇಳು. ಮೀನು ಮಾತ್ರ ಸ್ವಲ್ಪ ಚಿಕ್ಕದು ಮಾಡು."

"ನಾನು ನಾಲ್ಕು ವರ್ಷದಿಂದ ಸಾಯ್ತಾ ಇದ್ದೆ ಮೇಡಂ. ಗೊತ್ತಾದ್ರೆ ನೀವ್ಯಾರೂ ಇನ್ನು ನನ್ನನ್ನ ನಂಬಲ್ಲ ಅಂತ."

ಟೆಲಿಫೋನ್ ಮಾವ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

"ಅದು ಬೇರೆ ವಿಷಯ ಅಕ್ಕ" ಎಂದಳು ಬೆತ್ತದಕ್ಕ ಮೆಲ್ಲಗೆ.

"ಬೇರೆ ಅಂದ್ರೆ?"

"ನೀವು ಓದಿದ ಕಾಗದಾನ ಮನೆಗೆ ಹೋಗಿ ಪಕ್ಕದ ಮನೆಯವರ ಹತ್ರ ಇನ್ನೊಂದ್ಸಲ ಓದಿಸ್ತೀನಿ. ನನ್ನ ತಮ್ಮನ ಮಗು ಹುಷಾರಾಯ್ತು ಅಂತ ಓದಿದ್ರಲ್ಲ, ಪಕ್ಕದ ಮನೆಯವರು ಊರಿಂದ ಬರೋವರೆಗೂ ಎರಡು ದಿನ ನನಗೆ ನಿದ್ದೆ ಇಲ್ಲ."

"ಮಗು ಹುಷಾರಾಗಿತ್ತು ಕಣೇ. ಹಾಗೇ ಬರೆದಿತ್ತು."

"ಹೌದು. ಅವರೂ ಹಾಗೇ ಓದಿದ್ರು."

"ನನ್ನ ಮಾತ್ರೆದು ಔಷಧಿ ಅಂಗಡಿಯವನು ಓದ್ತಾನೆ" ಎಂದರು ಮಾವ. "ತಪ್ಪು ತಿಳ್ಕೋಬೇಡ. ಬೆಳಿಗ್ಗೆ ಒಂದು ಅಂತ ನೀನು ಎಷ್ಟು ಪ್ರೀತಿಯಿಂದ ಹೇಳ್ತೀಯ ಅಂದ್ರೆ, ಅಲ್ಲಿ ಎರಡು ಅಂತ ಇದೆಯೇನೋ ಅನ್ನಿಸುತ್ತೆ."

ಓದಮ್ಮ ಹೆಡ್ ಮೇಡಂ ಕಡೆ ತಿರುಗಿದಳು. ಮೇಡಂ ಸ್ವಲ್ಪ ತಡೆದು, "ಗೇಟಿನವನು" ಎಂದರು. "ಅವನಿಗೆ ಅಕ್ಷರ ಕೂಡಿಸಿ ಓದೋಕೆ ಅರ್ಧ ಗಂಟೆ ಬೇಕು. ಆದರೆ ಅವನಿಗೆ ಸುಳ್ಳು ಹೇಳೋಷ್ಟು ಬುದ್ಧಿ ಇಲ್ಲ. ನಿನ್ನ ದನಿಯಲ್ಲಿ ಎಲ್ಲಾ ಸುದ್ದೀನೂ ಕೊಳದಿಂದ ವಾಪಸ್ ಬಂದ ಹಾಗೇ ಕೇಳುತ್ತೆ. ನಾವೇನು ಮಾಡೋಣ?"

"ನಾಲ್ಕು ವರ್ಷದಲ್ಲಿ ಒಂದಾದರೂ ತಪ್ಪಿತ್ತಾ?"

"ಒಂದಕ್ಷರ ತಪ್ಪಿಲ್ಲ" ಎಂದರು ಮೇಡಂ. "ಆದರೂ ಕೇಳ್ತೀವಿ."

ಓದಮ್ಮ ಎರಡನೇ ಸಂಪುಟವನ್ನು ಪೆಟ್ಟಿಗೆಗೆ ವಾಪಸು ಇಟ್ಟಳು. ದಿನವಿಡೀ ಯಾವುದು ಕಳೆದುಹೋದೀತೆಂದು ಹೆದರಿ, ಊಟ ಬಿಟ್ಟು ಪುಸ್ತಕದ ಮೇಲೆ ಕೂತಿದ್ದಳೋ ಅದು ನಾಲ್ಕು ವರ್ಷದ ಹಿಂದೆಯೇ ಹೋಗಿತ್ತು. ಪಾಪ, ಹೆದರುತ್ತಾಳೆಂದು ಯಾರೂ ಹೇಳಿರಲಿಲ್ಲ.

ಮೂವರೂ ಎಂದಿನಂತೆ ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಹೊರಟರು. ಮುಂದೆ ಹೆಡ್ ಮೇಡಂ, ಓದಮ್ಮನ ತೋಳು ಹಿಡಿದು. ಬಾಗಿಲ ಹೊರಗೆ ಸದ್ದೇ ಇಲ್ಲದ ಜಿನುಗು ಮಳೆ ಬೀಳುತ್ತಿತ್ತು. ಎಲೆ ಅಲ್ಲಾಡುತ್ತಿರಲಿಲ್ಲ. ನೋಡಿದವರಿಗಷ್ಟೇ ಗೊತ್ತಾಗುವಂಥ ಮಳೆ.

"ಹೊರಗೆ ಜಿನುಗ್ತಿದೆ. ಕೊಡೆ ಬಿಚ್ಕೊಳ್ಳಿ" ಎಂದಳು ಓದಮ್ಮ.

ಹೊಸ್ತಿಲಲ್ಲಿ ಮೂವರೂ ನಿಂತರು. ಒಂದಾದ ಮೇಲೊಂದು ಮೂರು ಕೈಗಳು ಹೊರಗೆ ಚಾಚಿದವು, ಅಂಗೈ ಮೇಲಾಗಿ.

ಮೂರೂ ಒದ್ದೆಯಾದ ಮೇಲೆ ಮೂರು ಕೊಡೆಗಳು ಬಿಚ್ಚಿಕೊಂಡವು.